ನಲವತ್ತು ತಾಸಿನ ನಂಟು

ಆಫೀಸಿನಲ್ಲಿ ನನ್ನನ್ನು ಎಲ್ಲರೂ ‘ಉಳಿಕೆ ಮೇಡಂ’ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ನನ್ನ ಹೆಸರು ಸ್ಫೂರ್ತಿ ಬಡಿಗೇರ. ನಾನು ಹುಟ್ಟಿದಾಗ ಅದು ಹೊಸ ನಮೂನೆಯ ಹೆಸರು, ಈಗ ಅಜ್ಜಿಯರ ಹೆಸರು. ಐವತ್ತೆಂಟು ಮುಗಿದಿದೆ, ಆದ್ದರಿಂದ ಬೇಜಾರಿಲ್ಲ. ಧಾರವಾಡದ ಕ್ಷೇತ್ರ ವಿಂಗಡಣಾ ಕೇಂದ್ರದಲ್ಲಿ ಉಳಿಕೆ ವಿಭಾಗದ ಪರಿಶೀಲಕಿ ನಾನು. ಹಾಗೆಂದರೆ ಏನು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ.

ಹಿಂದೆ ಲೋಕಸಭಾ ಕ್ಷೇತ್ರ ಎಂದರೆ ನೆಲದ ಒಂದು ತುಂಡು. ನಕ್ಷೆಯ ಮೇಲೆ ಗೆರೆ ಎಳೆದವರ ಪಕ್ಷಕ್ಕೇ ಲಾಭ ಎಂದು ಜಗಳ. ಆ ಜಗಳ ಹರಿಯಲಿಲ್ಲ, ಬಗೆಹರಿಯಲೂ ಇಲ್ಲ. ಕೊನೆಗೆ ಹನ್ನೊಂದು ವರ್ಷದ ಹಿಂದೆ ಒಡನಾಟ ಕಾಯ್ದೆ ಬಂತು. ಅದರ ಪ್ರಕಾರ ನೀವು ಎಲ್ಲಿ ವಾಸಿಸುತ್ತೀರಿ ಎಂಬುದಕ್ಕೆ ಬೆಲೆಯಿಲ್ಲ. ಯಾರ ಜೊತೆ ಮಾತಾಡುತ್ತೀರೋ ಅವರ ಜೊತೆ ನಿಮ್ಮ ಕ್ಷೇತ್ರ. ವರ್ಷಕ್ಕೆ ನಲವತ್ತು ತಾಸು ಒಬ್ಬರೊಡನೆ ಹರಟೆ ಹೊಡೆದರೆ ನಂಟು ಎಂದು ಲೆಕ್ಕ. ಹಾಗೆ ನಂಟಿರುವವರನ್ನೆಲ್ಲ ಗಂಟು ಹಾಕುತ್ತಾ ಹೋಗಿ ಯಂತ್ರ ಆರು ನೂರ ಹನ್ನೊಂದು ಕ್ಷೇತ್ರ ಮಾಡುತ್ತದೆ. ಅವುಗಳಲ್ಲಿ ಮುನ್ನೂರ ಆರು ಗೆದ್ದವರದು ಸರ್ಕಾರ.

ಹರಟೆ ಅಳೆಯುವುದು ಕೊರಳ ಹತ್ತಿರ ಸಿಕ್ಕಿಸಿಕೊಳ್ಳುವ ಒಂದು ಗುಂಡಿ. ಸರ್ಕಾರ ಅದಕ್ಕೆ ‘ಸಲ್ಲಾಪಮಾಪಕ’ ಎಂದು ಹೆಸರಿಟ್ಟಿತು. ಜನ ಗುಂಡಿ ಎಂದರು, ಗುಂಡಿಯೇ ಉಳಿಯಿತು. ನೀವು ಏನು ಮಾತಾಡಿದಿರಿ ಎಂದು ಅದು ಕೇಳಿಸಿಕೊಳ್ಳುವುದಿಲ್ಲ. ಮಾತಿನ ನಡೆಯನ್ನು ಮಾತ್ರ ಹಿಡಿಯುತ್ತದೆ. ಕೆಲಸದ ಮಾತಿನಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುತ್ತಾರೆ. ಹರಟೆಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ, ನಡುವೆ ನಗುತ್ತಾರೆ. ಆ ನಡೆ ಸಿಕ್ಕ ಕೂಡಲೇ ಗುಂಡಿ ತುಸು ಬೆಚ್ಚಗಾಗುತ್ತದೆ.

ಜನ ಎಲ್ಲದಕ್ಕೂ ಒಗ್ಗಿಕೊಳ್ಳುತ್ತಾರೆ, ಇದಕ್ಕೂ ಒಗ್ಗಿಕೊಂಡರು. ಒಂದೇ ಮನೆಯಲ್ಲಿ ಮೂರು ಕ್ಷೇತ್ರ ಆದವು. ಗಂಡ ಹೆಂಡತಿ ಬೇರೆ ಬೇರೆ ಕ್ಷೇತ್ರಕ್ಕೆ ಹೋದಾಗ ಓಣಿಗೆಲ್ಲ ಸುದ್ದಿಯಾಯಿತು. ಮದುವೆಯಾಗಿ ಆರು ವರ್ಷ ಕಳೆದರೂ ಸೊಸೆಯ ಕ್ಷೇತ್ರ ತವರಿನದೇ ಇದೆ ಎಂದು ಅತ್ತೆಯರು ಕೊರಗಿದರು. ಕ್ಷೌರದ ಅಂಗಡಿಗಳು ಮೊದಲಿಗಿಂತ ತುಂಬಿದವು.

ಯಾರ ಜೊತೆಗೂ ನಲವತ್ತು ತಾಸು ಆಗದವರು? ಅವರಿಗೂ ಓಟು ಇದೆಯಲ್ಲ. ಅವರನ್ನೆಲ್ಲ ಬಳಿದು ರಾಜ್ಯಕ್ಕೊಂದು ಉಳಿಕೆ ಕ್ಷೇತ್ರ ಮಾಡಿದರು, ಅದೂ ಆ ಆರು ನೂರ ಹನ್ನೊಂದರಲ್ಲೇ ಸೇರಿತು. ನಮ್ಮ ರಾಜ್ಯದ ಉಳಿಕೆಯಲ್ಲಿ ಒಂಬತ್ತು ಲಕ್ಷ ಹೆಸರು. ಓಟು ಹಾಕಲು ಬರುವವರು ತೊಂಬತ್ತು ಸಾವಿರ. ಅಲ್ಲಿ ಪ್ರಚಾರ ಮಾಡಲು ಯಾವ ಪಕ್ಷದವರೂ ಬರುತ್ತಿರಲಿಲ್ಲ. ಒಬ್ಬರಿಗೆ ಹೇಳಿದರೆ ಹತ್ತು ಜನರಿಗೆ ಮುಟ್ಟುತ್ತದೆ ಎಂಬ ಅವರ ಲೆಕ್ಕ ಇಲ್ಲಿ ನಡೆಯುವುದಿಲ್ಲ ನೋಡಿ.

ಆದರೆ ಈ ಸಲದ್ದರ ಹಿಂದಿನ ಚುನಾವಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಕುಲುಮೆ ಪಕ್ಷಕ್ಕೆ ಮುನ್ನೂರ ಆರು, ಜೋಕಾಲಿ ಪಕ್ಷ ಮತ್ತು ಅದರ ಮಿತ್ರರಿಗೆ ಮುನ್ನೂರ ಐದು. ಕುಲುಮೆಯ ಆ ಕೊನೆಯ ಸೀಟು ನಮ್ಮ ಉಳಿಕೆಯದು. ಅಂತರ ಇನ್ನೂರ ಹನ್ನೆರಡು ಓಟು. ಮಾತಿಗೆ ಯಾರೂ ಇಲ್ಲದ ಇನ್ನೂರ ಹನ್ನೆರಡು ಜನ ದಿಲ್ಲಿಯಲ್ಲಿ ಸರ್ಕಾರ ಮಾಡಿದರು. ಅಲ್ಲಿಂದ ಎರಡೂ ಪಕ್ಷದವರಿಗೆ ನಮ್ಮ ಮೇಲೆ ಕಣ್ಣು.

ನಮ್ಮ ಮೇಲೆ ಎಂದೆ. ಹೌದು, ಆ ಪಟ್ಟಿಯಲ್ಲಿ ನಾನೂ ಇದ್ದೆ. ಕ್ರಮಸಂಖ್ಯೆ ನಾಲ್ಕು ಲಕ್ಷ ಹದಿನೇಳು ಸಾವಿರದ ಇನ್ನೂರ ಒಂಬತ್ತು. ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಪಟ್ಟಿಯಲ್ಲಿ ಬರೀ ಸಂಖ್ಯೆ ಇರುತ್ತದೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ನಾವಿಬ್ಬರೂ ಜಗಳವಿಲ್ಲದೆ ಬೇರೆಯಾದೆವು. ಅಣ್ಣನೊಬ್ಬನಿದ್ದ. ಅವನ ಜೊತೆ ದಿನಾ ಫೋನಿನಲ್ಲಿ ಕಿತ್ತಾಡುತ್ತಿದ್ದೆ. ಗುಂಡಿಗೆ ಜಗಳವೂ ಹರಟೆಯೇ, ಆದ್ದರಿಂದ ಮೊದಲ ಚುನಾವಣೆಯಲ್ಲಿ ಅಣ್ಣನ ಕ್ಷೇತ್ರದಲ್ಲಿ ಓಟು ಹಾಕಿದ್ದೆ. ಅವನು ತೀರಿಕೊಂಡ ವರ್ಷ ಉಳಿಕೆಗೆ ಬಂದು ಬಿದ್ದೆ. ಆಫೀಸಿನಲ್ಲಿ ದಿನವಿಡೀ ಮಾತಾಡುತ್ತಿದ್ದೆ, ಆದರೆ ಎಲ್ಲವೂ ಫೈಲಿನ ಮಾತು. ಗುಂಡಿ ತಣ್ಣಗೆ ಇರುತ್ತಿತ್ತು.

ಶ್ರಾವಣಿ ಬಂದದ್ದು ಹೋದ ವರ್ಷದ ಆಷಾಢದಲ್ಲಿ. ಸಪ್ತಾಪುರದಲ್ಲಿ ನಾನಿರುವ ಬಾಡಿಗೆ ಮನೆಯ ಓಣಿಯಲ್ಲೇ ಅವಳು ಸೀರೆಗೆ ಫಾಲ್ ಹಚ್ಚುವ, ಪಿಕೋ ಮಾಡುವ ಅಂಗಡಿ ಇಟ್ಟಳು. ನಲವತ್ತರ ಆಸುಪಾಸು, ಕಿವಿಯ ಹಿಂದೆ ಸದಾ ಒಂದು ಚಾಕ್‌ಪೀಸು. ಕೊಟ್ಟ ಸೀರೆಯನ್ನು ಮನೆಗೇ ತಂದು ಕೊಟ್ಟವಳು ಹೊರಡಲಿಲ್ಲ, ಬಾಗಿಲಲ್ಲೇ ನಿಂತಳು.

“ಅಕ್ಕಾರ, ಒಂದ್ ಮಾತ್ ಕೇಳ್ಲ್ಯಾ? ನೀವು ಕೊಟ್ಟ ನಾಕೂ ಸೀರಿ ಬೂದಿ ಬಣ್ಣದ್ವು. ಯಾಕ್ರಿ?”

“ಹೊಲಸು ಕಾಣೂದಿಲ್ಲ.”

“ಅಯ್ಯ, ಸೀರಿ ಉಡೂದು ಹೊಲಸು ಮುಚ್ಚಾಕೇನ್ರಿ? ನಾಳಿ ನಾನ ಒಂದು ಆರಿಸಿ ತರ್ತೇನಿ. ಬ್ಯಾಡ ಅಂದ್ರ ಫಾಲ್ ಉಲ್ಟಾ ಹಚ್ಚತೇನಿ ನೋಡ್ರಿ!”

ನಾನು ನಕ್ಕುಬಿಟ್ಟೆ. ಕೊರಳ ಹತ್ತಿರ ಬೆಚ್ಚಗಾಯಿತು. ಎಷ್ಟೋ ವರ್ಷದ ಮೇಲೆ ಆದದ್ದರಿಂದ, ಹುಳ ಏನಾದರೂ ಕಚ್ಚಿತೋ ಎಂದು ಕೈ ಹಾಕಿ ನೋಡಿಕೊಂಡೆ.

ಆಮೇಲೆ ಮಂಗಳವಾರ ಮತ್ತು ಶನಿವಾರ ಸಂಜೆ ಬರತೊಡಗಿದಳು. ನಾನು ಆಫೀಸಿನಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಡಬ್ಬಿ ಹಿಡಿದು ಹಾಜರು. ಒಮ್ಮೆ ಗುರೆಳ್ಳು ಹಿಂಡಿ, ಒಮ್ಮೆ ಮೆಂತ್ಯ ಹಿಟ್ಟು. ಅವಳ ಬಾಯಿಗೆ ಬಿಡುವಿರಲಿಲ್ಲ. “ನನ್ನ ಗಂಡನ ಕ್ಷೇತ್ರನ ಬ್ಯಾರೆ ಅಕ್ಕಾರ. ಹದಿನೆಂಟು ವರ್ಷದ ಸಂಸಾರ. ವರ್ಷಕ್ಕ ನಲವತ್ತು ತಾಸು ಆಗವಲ್ದು ಅಂದ್ರ ಏನ್ ಮಾತಾಡ್ತೇವಿ ನಾವು? ‘ಸಾರಿಗೆ ಉಪ್ಪಿಲ್ಲ’, ‘ಐತಿ’, ‘ಇಲ್ಲ’, ‘ಐತಿ’. ಗುಂಡಿ ಅದನ್ನ ಕೆಲಸದ ಮಾತು ಅಂತ ಬರಕೋತೈತಿ!” ಅವಳ ನಂಟೆಲ್ಲ ಬೆಳಗಾವಿ ಕಡೆಯ ಹೊಲಿಗೆಯ ಹೆಂಗಸರ ಜೊತೆ, ಐನೂರ ಎಂಬತ್ತೆಂಟನೇ ಕ್ಷೇತ್ರದಲ್ಲಿ. ಅಲ್ಲಿ ಜೋಕಾಲಿ ಪಕ್ಷ ಪ್ರತಿಸಲ ಎರಡು ಲಕ್ಷ ಓಟಿನಿಂದ ಗೆಲ್ಲುತ್ತದೆ. ಅದನ್ನು ಹೇಳಿದಾಗ ನನಗೆ ಏನೂ ಅನ್ನಿಸಲಿಲ್ಲ, ನೋಡಿ. ಅಂಥದ್ದನ್ನು ಹಿಡಿಯುವುದೇ ನನ್ನ ನೌಕರಿ.

ಒಂದು ಶನಿವಾರ ಅಣ್ಣನ ವಿಷಯ ಹೇಳಿದೆ. ಅವನು ಆಸ್ಪತ್ರೆಯಲ್ಲಿದ್ದಾಗ ನಾನು ಪಟ್ಟಿಯ ಕೆಲಸ ಎಂದು ಎರಡು ದಿನ ತಡವಾಗಿ ಹೋದದ್ದು, ಅಷ್ಟರಲ್ಲಿ ಎಲ್ಲ ಮುಗಿದದ್ದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಶ್ರಾವಣಿ ಎದ್ದು ಹೋಗಿ ಅನ್ನಕ್ಕಿಟ್ಟಳು, ಇಬ್ಬರಿಗೂ ಬಡಿಸಿದಳು. ನನಗೆ ಬಹಳ ಸುಖವೆನಿಸಿತು. ಮಂಗಳವಾರ ಯಾವಾಗ ಬರುತ್ತದೆ ಎಂದು ಭಾನುವಾರದಿಂದಲೇ ಕಾಯುವಷ್ಟು ಚಟ ಹತ್ತಿತ್ತು ನನಗೆ.

ಪಟ್ಟಿ ಮುಚ್ಚುವುದಕ್ಕೆ ಐದು ವಾರ ಇದ್ದಾಗ, ತಂಗಿಯ ಹೆರಿಗೆಗೆಂದು ಗೋಕಾಕಕ್ಕೆ ಹೋಗುತ್ತೇನೆ ಎಂದಳು. ಹೋದಳು. ಎರಡು ಮಂಗಳವಾರ ಕಳೆದವು. ಅಂಗಡಿಗೆ ಬೀಗ. ಫೋನು ಹಚ್ಚಿದರೆ ತೆಗೆಯಲಿಲ್ಲ.

ಆ ವಾರ ನಮ್ಮ ನಿಯಂತ್ರಣ ಕೊಠಡಿಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಉಳಿಕೆಯಿಂದ ಹೊರಗೆ ಹೋದವರ ಪಟ್ಟಿ ನನ್ನ ಪರದೆಗೆ ಬಂತು. ಹೊಸ ನಂಟು ಸಿಕ್ಕು ಬೇರೆ ಕ್ಷೇತ್ರ ಸೇರಿದವರು ಪ್ರತಿಸಲ ಇರುತ್ತಾರೆ. ಯಾರೋ ಮುದುಕನಿಗೆ ಚಹಾದಂಗಡಿಯ ಗೆಳೆಯ, ಯಾರೋ ವಿಧವೆಗೆ ಪಕ್ಕದ ಮನೆಯವಳು. ಅವರ ತಾಸುಗಳನ್ನು ನೋಡಿದರೆ ಒಂದಕ್ಕೊಂದು ತಾಳೆಯಿರುವುದಿಲ್ಲ. ಒಂದು ಐವತ್ತೇಳು, ಒಂದು ಮುನ್ನೂರು, ಒಂದು ಸಾವಿರದ ನೂರು. ಈ ಸಲ ಮೂರು ಸಾವಿರದ ನೂರ ಹನ್ನೆರಡು ನಂಟುಗಳು ನಲವತ್ತು ದಾಟಿ, ನಲವತ್ತೊಂದು ಮುಟ್ಟುವ ಮೊದಲೇ ನಿಂತಿದ್ದವು.

ಮನುಷ್ಯರ ಹರಟೆ ಹಾಗೆ ನಿಲ್ಲುವುದಿಲ್ಲ. ‘ಬರ್ತೇನ್ರಿ’ ಎಂದು ಚಪ್ಪಲಿ ಮೆಟ್ಟಿದ ಮೇಲೆ ಬಾಗಿಲಲ್ಲಿ ನಿಂತು ಅರ್ಧ ತಾಸು ಮಾತಾಡುವ ಜನ ನಾವು. ಇವರು ಗಡಿಯಾರ ನೋಡಿ ಎದ್ದವರು. ಆ ಮೂರು ಸಾವಿರ ಜನರ ಹಿನ್ನೆಲೆ ತೆಗೆದೆ. ಎಲ್ಲರೂ ನಿವೃತ್ತರಾದ ಅಥವಾ ನಿವೃತ್ತಿಗೆ ಬಂದ ಸರ್ಕಾರಿ ನೌಕರರು, ಪಿಂಚಣಿಯ ಕಾರಣಕ್ಕೆ ಕುಲುಮೆಗೆ ಓಟು ಹಾಕುವವರು ಎಂದು ಹೆಸರಾದವರು. ಎಲ್ಲರೂ ಹೋಗಿ ಸೇರಿದ್ದು ಹನ್ನೊಂದು ಕ್ಷೇತ್ರಗಳಿಗೆ, ಹನ್ನೊಂದೂ ಜೋಕಾಲಿಯ ಕೋಟೆಗಳು. ಅಲ್ಲಿ ಇವರ ಓಟು ಬಿದ್ದರೂ ಒಂದೇ, ಬೀಳದಿದ್ದರೂ ಒಂದೇ. ಇಲ್ಲಿ ಉಳಿಕೆಯಲ್ಲಿ ಇವರಿಲ್ಲದಿದ್ದರೆ ಕುಲುಮೆ ಸೋಲುತ್ತದೆ, ಸರ್ಕಾರ ಬೀಳುತ್ತದೆ. ಗೆಳೆತನ ಮಾಡಲು ಆಳು ಕಳಿಸಿ ಓಟುದಾರರನ್ನು ಸಾಗಿಸಿದ್ದರು.

ಅದೇ ಪಟ್ಟಿಯ ಎಂಟನೇ ಪುಟದಲ್ಲಿ ನನ್ನ ಸಂಖ್ಯೆ ಇತ್ತು. ನಲವತ್ತು ತಾಸು, ಇಪ್ಪತ್ತು ನಿಮಿಷ. ಕ್ಷೇತ್ರ ಐನೂರ ಎಂಬತ್ತೆಂಟು.

ಅಣ್ಣನ ವಿಷಯ ಹೇಳಿದೆನಲ್ಲ, ಆ ಮಾತೂ ನಲವತ್ತರ ಒಳಗೇ ಬಂತು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಹೊಂಗಲ ಸಾಹೇಬರ ಮೇಜಿನ ಮೇಲೆ ವರದಿ ಇಟ್ಟೆ. ಅವರು ನಮ್ಮ ಕೇಂದ್ರದ ಮುಖ್ಯಸ್ಥರು, ಒಳ್ಳೆಯವರು, ಕಾಯ್ದೆಯ ಪುಸ್ತಕ ಬಿಟ್ಟು ಮತ್ತೊಂದನ್ನು ಓದಿದವರಲ್ಲ. “ಮೇಡಂ, ನೀವು ಪ್ರಜಾಪ್ರಭುತ್ವ ಉಳಿಸಿದ್ರಿ!” ಎಂದರು. ನಾನು ಉಳಿಸಿದ್ದು ಏನೂ ಇಲ್ಲ. ಸಿಟ್ಟಿಗೆ ಮಾಡಿದ ಕೆಲಸ ಅದು. ಶ್ರಾವಣಿಗೆ ತಕ್ಕ ಶಾಸ್ತಿಯಾಗಲಿ ಎಂದು ಮಾಡಿದೆ.

ಹುಬ್ಬಳ್ಳಿಯಲ್ಲಿ ಜೋಕಾಲಿಯ ಏಜೆಂಟನೊಬ್ಬ ಸಿಕ್ಕಿಬಿದ್ದ. ಆದರೆ ಅವನ ಬಳಿ ಇದ್ದ ಆಳುಗಳ ಹೆಸರೆಲ್ಲ ಸುಳ್ಳು. ಯಾರು ದುಡ್ಡಿಗೆ ಮಾತಾಡಿದರು, ಯಾರು ನಿಜಕ್ಕೂ ಮಾತಾಡಿದರು ಎಂದು ಸಾಬೀತು ಮಾಡಲು ಬೇರೆ ದಾರಿಯಿರಲಿಲ್ಲ. ಆಗ ಕಾಯ್ದೆಯಲ್ಲಿದ್ದಂತೆ ಮೂರು ಸಾವಿರದ ನೂರ ಹನ್ನೆರಡು ನಂಟುಗಳ ಎರಡೂ ಕಡೆಯವರಿಗೆ ನೋಟಿಸು ಕಳಿಸಿದೆವು. ‘ತಮ್ಮ ಹೆಸರಿನ ಎದುರು ನಮೂದಾಗಿರುವ ನಂಟು ನೈಜವಲ್ಲವೆಂದು ಶಂಕಿಸಲಾಗಿದೆ. ಆಕ್ಷೇಪಣೆಯಿದ್ದಲ್ಲಿ ಏಳು ದಿನಗಳೊಳಗೆ ಸಲ್ಲಿಸತಕ್ಕದ್ದು.’ ಬರೆದವಳು ನಾನು, ಸಹಿ ನನ್ನದು. ಎರಡು ದಿನದ ಮೇಲೆ ನನ್ನದೇ ಸಹಿಯ ನೋಟಿಸು ನನ್ನ ಮನೆಗೆ ಬಂತು. ಪೋಸ್ಟಿನವನ ಮುಂದೆ ನಿಂತು ಮತ್ತೊಂದು ಸಹಿ ಹಾಕಿ ತೆಗೆದುಕೊಂಡೆ.

ಹತ್ತೋ ಇಪ್ಪತ್ತೋ ಆಕ್ಷೇಪಣೆ ಬರಬಹುದು ಎಂದುಕೊಂಡಿದ್ದೆವು. ಎರಡು ಸಾವಿರದ ಒಂಬೈನೂರು ಬಂದವು. ಒಂದೊಂದಾಗಿ ಒಡೆದು ಓದುತ್ತಾ ಹೋದೆ. ಮುಧೋಳದ ನಿವೃತ್ತ ನರ್ಸೊಬ್ಬರು ಬರೆದಿದ್ದರು: ‘ಮೊದಲ ವಾರದಲ್ಲೇ ಗೊತ್ತಾಗಿತ್ತು. ಅವನು ಮಾತಿನ ನಡುವೆ ಟೈಮು ನೋಡುತ್ತಿದ್ದ. ನೋಡಲಿ ಬಿಡಿ ಎಂದುಕೊಂಡೆ. ನಡುವೆ ಬರಲು ನೀವ್ಯಾರು?’ ಬೈಲಹೊಂಗಲದ ಕಂಡಕ್ಟರೊಬ್ಬರು ಬರೆದದ್ದು ಒಂದೇ ಸಾಲು: ‘ನನಗೆ ಗೊತ್ತಿತ್ತು, ನಂಟು ಹಾಗೇ ಇರಲಿ.’ ಗೊತ್ತಿತ್ತು, ಗೊತ್ತಿತ್ತು, ಗೊತ್ತಿತ್ತು. ಸಾವಿರಾರು ಕೈಬರಹಗಳಲ್ಲಿ ಅದೇ ಮಾತು.

ಹೊಂಗಲ ಸಾಹೇಬರು ತಲೆ ಹಿಡಿದುಕೊಂಡರು. “ಎಂಥಾ ಮಂದಿ ಇವರು ಮೇಡಂ? ಗೊತ್ತಿದ್ದೂ ಗೊತ್ತಿದ್ದೂ ತಮ್ಮ ಓಟು ಹಾಳಮಾಡ್ಕೊಂಡಾರಲ್ಲ!”

“ಓಟು ಐದು ವರ್ಷಕ್ಕೊಮ್ಮೆ ಸರ್,” ಎಂದೆ. “ಸಂಜಿ ದಿನಾ ಆಗತೈತಿ.”

ಅವರು ನನ್ನ ಮುಖ ನೋಡಿದರು. ಆವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನೂ ಒಂದು ಆಕ್ಷೇಪಣೆಯ ಅರ್ಜಿ ತುಂಬಿದೆ. ಬೇರೆಯವರ ಹಾಗೆ ಬರೆಯಲು ಬರುವಂತಿರಲಿಲ್ಲ. ‘ನನಗೆ ಗೊತ್ತಿರಲಿಲ್ಲ. ಆದರೂ ಇರಲಿ’ ಎಂದು ಬರೆದು ಡಬ್ಬಿಗೆ ಹಾಕಿದೆ.

ವಿಚಾರಣೆ ಒಂದು ಗುರುವಾರ. ಧಾರವಾಡದ ಪಾಲಿಗೆ ನೂರ ಹದಿನೆಂಟು ಪ್ರಕರಣ. ನಿಯಮ ಹೀಗಿತ್ತು: ಇಬ್ಬರೂ ಬಂದು ನಂಟು ಹೌದೆಂದರೆ ಅದು ಉಳಿಯುತ್ತದೆ. ಆದರೆ ಆಳಾಗಿ ಬಂದವರು ದುಡ್ಡು ತೆಗೆದುಕೊಂಡಿದ್ದೆ ಎಂದು ಪ್ರಮಾಣದ ಮೇಲೆ ಒಪ್ಪಿಕೊಳ್ಳಬೇಕು, ಅದಕ್ಕೆ ಮೂರು ವರ್ಷ ಜೈಲು. ಬಾರದಿದ್ದರೆ ‘ಗೈರು’ ಎಂದು ಬರೆದು ನಂಟು ಕತ್ತರಿಸುವುದು, ಕೇಸಿಲ್ಲ. ಕತ್ತರಿಸಿದ ಮೇಲೆ ಮುಂದಿನ ಪಟ್ಟಿಯವರೆಗೆ, ಅಂದರೆ ಐದು ವರ್ಷ, ಆ ಇಬ್ಬರು ಒಬ್ಬರಿಗೊಬ್ಬರು ಮಾತಾಡಿದರೆ ಗುಂಡಿ ಹಿಡಿದುಕೊಡುತ್ತದೆ, ಅದೇ ಸಾಕ್ಷಿಯಾಗಿ ಕೇಸು ಮತ್ತೆ ತೆರೆಯುತ್ತದೆ.

ಹೆಸರು ಕೂಗುವ ಜವಾನನ ಹುದ್ದೆ ರದ್ದಾಗಿ ಎಷ್ಟೋ ವರ್ಷವಾಗಿದೆ. ಕೂಗುವ ಕೆಲಸ ನನ್ನದೇ. ವರಾಂಡದ ತುದಿಗೆ ಹೋಗಿ ಬಾರದವರ ಹೆಸರನ್ನು ಮೂರು ಸಲ ಕೂಗಬೇಕು, ಆಮೇಲೆ ಒಳಗೆ ಬಂದು ಬರೆಯಬೇಕು. ಕೊಠಡಿಯಲ್ಲಿ ಎರಡೆರಡು ಕುರ್ಚಿ ಜೋಡಿಸಿದ್ದೆವು. ಮುದುಕ ಮುದುಕಿಯರು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಒಬ್ಬೊಬ್ಬರೇ ಬಂದು, ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು ಜಾಗ ಹಿಡಿದು ಕೂತರು. ಆ ಕುರ್ಚಿಗಳಿಗೆ ಯಾರೂ ಬರಲಿಲ್ಲ. ಕೂಗಿ ಕೂಗಿ ನನ್ನ ಗಂಟಲು ಒಣಗಿತು. ಗೈರು, ಗೈರು, ಗೈರು.

ಒಬ್ಬನು ಮಾತ್ರ ಬಂದ. ಐವತ್ತು ದಾಟಿದ ಆಸಾಮಿ, ಟೆಂಪೋ ಚಾಲಕ. ನಿವೃತ್ತ ಪೋಸ್ಟ್‌ಮಾಸ್ಟರ್ ಕಂಠೆಪ್ಪನವರ ಪಕ್ಕದಲ್ಲಿ ಕುಳಿತು, “ಹೌದ್ರಿ, ರೊಕ್ಕಾ ತಗೊಂಡೇನಿ. ಮಾತೂ ಆಡೇನಿ. ಎರಡೂ ಖರೇನ” ಎಂದ. ಸಾಹೇಬರು ಬರೆದುಕೊಂಡರು. ಗೇಟಿನ ಹತ್ತಿರ ಪೊಲೀಸರ ವ್ಯಾನು ನಿಂತಿತ್ತು. ಅವನನ್ನು ಕರೆದುಕೊಂಡು ಹೋಗುವಾಗ ಕಂಠೆಪ್ಪನವರು ಹಿಂದೆಯೇ ಹೋಗಿ, “ನಿನ್ನ ಬಾ ಅಂತ ಯಾರ ಕರದಿದ್ರೋ? ಯಾಕ ಬಂದ್ಯೋ ಮಾರಾಯಾ?” ಎಂದು ವ್ಯಾನಿನ ಬಾಗಿಲು ಹಿಡಿದು ಅತ್ತರು. ಅವರ ನಂಟು ಉಳಿಯಿತು.

ತೊಂಬತ್ತಮೂರನೇ ಫೈಲು ನನ್ನದು. ಸಾಹೇಬರು ಹೆಸರು ಓದಿ ಕನ್ನಡಕ ತೆಗೆದರು. “ಇದು ನಿಮ್ಮದನ ಏನ್ರಿ ಮೇಡಂ?”

“ಹೌದು ಸರ್.”

“ನೀವೂ ಉಳಿಕ್ಯಾಗ…? ನಮಗೆ ಹೇಳಬೇಕಿಲ್ಲೇನ್ರಿ?”

“ಏನಂತ ಹೇಳ್ಲಿ ಸರ್?”

ಅವರು ಕೆಳಗೆ ನೋಡಿದರು. “ಬರ್ರಿ, ಕುಂದರ್ರಿ. ಕೂಗಾಕ ಬ್ಯಾರೆ ಯಾರನ್ನರ ಕಳಸ್ತೇನಿ.”

“ಬ್ಯಾಡ್ರಿ. ನಾನ ಕೂಗ್ತೇನಿ,” ಎಂದು ವರಾಂಡಕ್ಕೆ ಬಂದೆ.

ಬಿಸಿಲು ಇಳಿದಿತ್ತು. ಪೊಲೀಸರು ವ್ಯಾನಿನ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದರು. ಸೈಕಲ್ ಸ್ಟ್ಯಾಂಡಿನ ಹತ್ತಿರ, ನೋಟಿಸಿನ ಕಾಗದ ಕೈಯಲ್ಲಿ ಹಿಡಿದು, ಶ್ರಾವಣಿ ನಿಂತಿದ್ದಳು. ಮುಖ ಸೊರಗಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಸೆರಗು ಪೂರ್ತಿ ಬೆವರಿಗೆ ಅಂಟಿತ್ತು. ವ್ಯಾನನ್ನೂ ನೋಡಿದ್ದಳು, ಆ ಟೆಂಪೋದವನನ್ನು ಹತ್ತಿಸಿದ್ದನ್ನೂ ನೋಡಿದ್ದಳು. ಆದರೂ ಹೋಗಿರಲಿಲ್ಲ.

ಬಂದಳಲ್ಲ! ನನಗೆ ಓಡಿಹೋಗಿ ಕೈ ಹಿಡಿಯಬೇಕು ಎನಿಸಿತು, ಅದೇ ಹೊತ್ತಿಗೆ ಓಡು, ಇಲ್ಲಿಂದ ಹೋಗು ಎಂದು ಚೀರಬೇಕು ಎನಿಸಿತು. ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ನಾನು ಇನ್ನು ಮೇಲೆ ಉಳಿಕೆಯವಳಲ್ಲ. ನಾಲ್ಕು ಹೆಜ್ಜೆ ಮುಂದೆ ಬಂದರೆ ಅವಳಿಗೆ ಮೂರು ವರ್ಷ.

“ಶ್ರಾವಣಿ ಮುರಗೋಡ!” ಎಂದು ಕೂಗಿದೆ.

ಅವಳು ತಲೆಯೆತ್ತಿದಳು. ನನ್ನನ್ನು ನೋಡಿ ಕಾಗದವನ್ನು ಮಡಚಿ, ಸೆರಗು ಸರಿಮಾಡಿಕೊಂಡು, ಒಂದು ಹೆಜ್ಜೆ ಇಟ್ಟಳು.

ನಾನು ತಲೆ ಅಲ್ಲಾಡಿಸಿದೆ. ಬೇಡ ಎಂದು. ಪೊಲೀಸರ ಕಡೆ ಬೆನ್ನು ಹಾಕಿ, ಕೈಯನ್ನು ಹೊಟ್ಟೆಯ ಹತ್ತಿರ ಇಟ್ಟು, ಹೋಗು ಎಂದು ಬೆರಳಾಡಿಸಿದೆ.

“ಶ್ರಾವಣಿ ಮುರಗೋಡ!” ಎರಡನೇ ಸಲ.

ಅವಳು ನಿಂತಳು. ಅವಳ ತುಟಿ ಅಲುಗಿತು, ‘ಅಕ್ಕಾರ’ ಎಂದಳು ಅಂತ ಕಾಣುತ್ತದೆ. ನಾನು ಮತ್ತೆ ತಲೆ ಅಲ್ಲಾಡಿಸಿದೆ. ಕಣ್ಣು ತುಂಬಿ ಬಂದು ಸೈಕಲ್ಲುಗಳೆಲ್ಲ ಕದಡಿದಂತಾದವು.

ಮೂರನೇ ಸಲ ಕೂಗುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಅವಳು ಬೆನ್ನು ತಿರುಗಿಸಿ ಗೇಟು ದಾಟುತ್ತಿದ್ದಳು. ಪೊಲೀಸನೊಬ್ಬ ಲೋಟ ಕೆಳಗಿಟ್ಟು ಅವಳಿಗೆ ದಾರಿ ಬಿಟ್ಟ.

ಒಳಗೆ ಬಂದೆ. “ಯಾರರ ಬಂದಾರ್ರಿ?” ಎಂದು ಸಾಹೇಬರು ಕೇಳಿದರು.

“ಮೂರು ಸಲ ಕೂಗಿದೆ ಸರ್. ಯಾರೂ ಇಲ್ಲ.” ಪೆನ್ನು ತೆಗೆದುಕೊಂಡು ಅವಳ ಹೆಸರಿನ ಎದುರು ನಾನೇ ಬರೆದೆ, ಗೈರು ಎಂದು.

ಉಳಿದದ್ದು ನೀವು ಪೇಪರಿನಲ್ಲಿ ಓದಿರುತ್ತೀರಿ. ರಾಜ್ಯದಲ್ಲೆಲ್ಲ ಹೀಗೇ ಆಯಿತು, ಮೂರು ಸಾವಿರ ಚಿಲ್ಲರೆ ಜನ ಮರಳಿ ಉಳಿಕೆಗೆ ಬಂದರು. ಕುಲುಮೆ ಪಕ್ಷ ಅಲ್ಲಿ ಸಾವಿರದ ನೂರ ನಲವತ್ತು ಓಟಿನಿಂದ ಗೆದ್ದಿತು, ಮುನ್ನೂರ ಆರಾಯಿತು, ಮತ್ತೆ ಅವರದೇ ಸರ್ಕಾರ ಬಂತು. ಶ್ರಾವಣಿಯ ಅಂಗಡಿಯಲ್ಲ, ಓಣಿಯಲ್ಲ, ಊರೇ ಬೇರೆಯಾಗಿದೆ ಈಗ. ಎಲ್ಲಿದ್ದಾಳೆ ಎಂದು ನಾನು ವಿಚಾರಿಸುವ ಹಾಗಿಲ್ಲ. ಐದು ವರ್ಷದಲ್ಲಿ ಎಂಟು ತಿಂಗಳು ಕಳೆದಿವೆ.

ಆ ಸಂಚು ಹಿಡಿದದ್ದಕ್ಕೆ ಮೊನ್ನೆ ನನಗೆ ಸನ್ಮಾನ ಮಾಡಿದರು. ಮಂತ್ರಿಗಳು ಬರುತ್ತಾರೆ, ಶಾಲು ಹೊದಿಸುತ್ತಾರೆ ಎಂದು ಹೊಂಗಲ ಸಾಹೇಬರು ಓಡಾಡುತ್ತಿದ್ದರು. ವೇದಿಕೆಯ ಹಿಂದೆ ಫೋಟೋದವನು ನನ್ನನ್ನು ನಿಲ್ಲಿಸಿ, ಪಕ್ಕದ ಜಾಗ ನೋಡಿ, “ಮೇಡಂ, ನಿಮ್ಮವರು ಯಾರೂ ಇಲ್ಲೇನ್ರಿ?” ಎಂದ.

“ಅದಾಳಪ್ಪ,” ಎಂದೆ. “ಬರೂ ಹಂಗಿಲ್ಲ.”